ರೈಲಿಗೂ ಹೆದ್ದಾರಿಗೂ ನಡುವಿನ ದಾರಿ

ಬೆಳಗಿನ ಏಳು ಗಂಟೆ. ಬಾಗಲಕೋಟೆ ನವನಗರದ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ. ವಸ್ತಿ ಬಸ್ಸುಗಳು ಒಂದೊಂದಾಗಿ ಒಳಗೆ ಬರುತ್ತಿವೆ. ರಾತ್ರಿ ಹಳ್ಳಿಯಲ್ಲೇ ತಂಗಿ, ನಸುಕಿಗೆ ಅಲ್ಲಿಂದಲೇ ಹೊರಟು ಬರುವ ಬಸ್ಸುಗಳಿವು. ಬಾಗಿಲು ತೆರೆದಾಗ ಮೊದಲು ಇಳಿಯುವುದು ಸಾಮಾನು: ಮೆಂತ್ಯೆ ಸೊಪ್ಪಿನ ಗಂಟು, ಬದನೆಕಾಯಿ ಬುಟ್ಟಿ, ಹಾಲಿನ ಕ್ಯಾನು. ಆಮೇಲೆ ಕಾಲೇಜಿನ ಹುಡುಗಿಯರು, ಆಸ್ಪತ್ರೆಯ ಚೀಟಿ ಹಿಡಿದ ಅಜ್ಜ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ತಾಯಿ, ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ ಪತ್ರ ಸುತ್ತಿಟ್ಟುಕೊಂಡ ರೈತ. "ಲಗೂ ಇಳೀರಿ ಯಕ್ಕಾರ, ಹಿಂದ ಗಾಡಿ ನಿಂತೈತಿ" ಎಂದು ಕಂಡಕ್ಟರ್ ಅವಸರಿಸುತ್ತಾನೆ. ಒಬ್ಬಾಕೆ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ತಿರುಗಿಯೂ ನೋಡದೆ, ಹಳೇ ಊರಿಗೆ ಹೋಗುವ ಸಿಟಿ ಬಸ್ಸಿನ ಕಡೆ ನಡೆಯುತ್ತಾಳೆ. ಆಕೆಯ ಗಿರಾಕಿಗಳು ಇಲ್ಲಿಲ್ಲ, ಅಲ್ಲಿದ್ದಾರೆ.

ನೀವೂ ಆಕೆಯ ಹಿಂದೆಯೇ ಹತ್ತಿ. ಬಾಗಲಕೋಟೆ ಒಂದೇ ಊರಲ್ಲ, ಮೂರು ತುಂಡು. ಘಟಪ್ರಭೆಯ ದಂಡೆಯ ಹಳೇ ಪಟ್ಟಣ, ನಡುವೆ ಕಾಲೇಜುಗಳ ವಿದ್ಯಾಗಿರಿ, ಈಚೆ ಅಗಲ ರಸ್ತೆ, ಸೆಕ್ಟರ್ ನಂಬರುಗಳ ನವನಗರ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೇ ಊರಿಗೆ ಬರುವುದು ಖಚಿತವಾದಾಗ 1983ರಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೊಸ ಊರಿನ ನಕ್ಷೆ ಬರೆದವರು ದೇಶದ ದೊಡ್ಡ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನಿವೇಶನ ಹಂಚಿಕೆಯಾಯಿತು, ಕಚೇರಿಗಳು ಬಂದವು, 1997ರ ಆಗಸ್ಟ್ 15ರಂದು ವಿಜಯಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದ ಮೇಲೆ ಜಿಲ್ಲಾಡಳಿತ ಭವನವೂ ಇಲ್ಲೇ ಎದ್ದಿತು. ಆದರೆ ಪೇಟೆ ಪೂರ್ತಿಯಾಗಿ ಬರಲಿಲ್ಲ. ಬಟ್ಟೆ, ಬಂಗಾರ, ಕಿರಾಣಿಯ ಹಳೇ ಅಂಗಡಿಗಳು ಸಂದಿಗೊಂದಿಗಳಲ್ಲೇ ಉಳಿದವು. ನಿವೇಶನವನ್ನು ಆದೇಶದಿಂದ ಕೊಡಬಹುದು, ಗಿರಾಕಿಯನ್ನು ಕೊಡಲಾಗದು. ಅದಕ್ಕೇ ಈ ಸಿಟಿ ಬಸ್ಸು ಬೆಳಗಿನಿಂದ ರಾತ್ರಿಯವರೆಗೆ ಒಂದು ಊರಿನ ಮೂರು ತುಂಡುಗಳನ್ನು ಹೊಲಿಯುತ್ತ ಓಡಾಡುತ್ತದೆ. ಮುಳುಗಡೆಯ ಮಾತು ಇನ್ನೂ ಮುಗಿದಿಲ್ಲ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಮುಂದಿನ ಸ್ಥಳಾಂತರದ ನಕ್ಷೆ ಬರೆಯುವವರು ನಿವೇಶನದ ಗೆರೆ ಎಳೆಯುವ ದಿನವೇ ಬಸ್ಸಿನ ಗೆರೆಯನ್ನೂ ಎಳೆಯಬೇಕು ಎಂಬುದಕ್ಕೆ ಈ ಊರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಳೇ ಊರಿನಲ್ಲಿ ಉಪ್ಪಿಟ್ಟು, ಚಹಾ ಮುಗಿಸಿ ಬಾದಾಮಿ ಬಸ್ಸು ಹಿಡಿಯಿರಿ. ಕಿಟಕಿ ಪಕ್ಕ ಕುಳಿತ ಮೇಲೆ ಈ ಸೀಮೆಯ ನಕ್ಷೆಯನ್ನೊಮ್ಮೆ ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಪಶ್ಚಿಮಕ್ಕೆ ರೈಲು: 1880ರ ದಶಕದಲ್ಲಿ ಸದರ್ನ್ ಮರಾಠಾ ಕಂಪನಿ ಹಾಕಿದ ಗದಗ–ಹೋಟಗಿ ಮಾರ್ಗ. ಬಾದಾಮಿ, ಗುಳೇದಗುಡ್ಡ ರೋಡ್, ಬಾಗಲಕೋಟೆ, ಆಲಮಟ್ಟಿ ಎಂದು ದಕ್ಷಿಣೋತ್ತರವಾಗಿ ಹೋಗುತ್ತದೆ. ಪೂರ್ವಕ್ಕೆ ಹೆದ್ದಾರಿ: ಹೊಸಪೇಟೆಯಿಂದ ಕುಷ್ಟಗಿ, ಇಳಕಲ್ಲ, ಹುನಗುಂದ ದಾಟಿ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50. ಅದೂ ದಕ್ಷಿಣೋತ್ತರವೇ. ಎರಡೂ ದೊಡ್ಡ ಊರುಗಳ ಅವಸರಕ್ಕೆ ಹುಟ್ಟಿದವು. ಅವೆರಡರ ನಡುವೆ ಮಲಪ್ರಭೆಯ ಕಣಿವೆಯಿದೆ. ಪಟ್ಟದಕಲ್ಲು, ಐಹೊಳೆ, ಕಮತಗಿ, ಸೂಳೇಬಾವಿ, ಅಮೀನಗಡ ಎಲ್ಲವೂ ಆ ನಡುವಿನಲ್ಲೇ. ಜಿಲ್ಲೆ ಹೊರಗಿನವರಿಗೆ ತೋರಿಸುವ, ಮಾರುವ ವಸ್ತುಗಳಲ್ಲಿ ಹಲವು ಈ ಪೂರ್ವ–ಪಶ್ಚಿಮದ ಪಟ್ಟಿಯಲ್ಲಿವೆ. ನನ್ನ ಮಾತೆಲ್ಲ ಈ ಪಟ್ಟಿಯ ಬಗ್ಗೆಯೇ.

ಗುಳೇದಗುಡ್ಡ ಬಂತು. ಕುಪ್ಪಸದ ಖಣದ ಊರು. ಬಸ್ಸು ನಿಂತ ಹೊತ್ತಿನಲ್ಲಿ ಒಬ್ಬ ಹುಡುಗ ದೊಡ್ಡದೊಂದು ಗಂಟನ್ನು ಒಳಗೆ ತೂರಿಸುತ್ತಾನೆ. ಕಂಡಕ್ಟರ್ ಲಗೇಜು ಚೀಟಿ ಹರಿಯುತ್ತಾನೆ, ಗಂಟು ಡ್ರೈವರಿನ ಹಿಂದಿನ ಮೂಲೆ ಸೇರುತ್ತದೆ. ನೂಲೋ ಖಣವೋ, ಬಟ್ಟೆ ಮುಚ್ಚಿದೆ. ಗುಡ್ಡಗಳ ಬಣ್ಣ ತಿರುಗಿ ಕಲ್ಲು ಕೆಂಪಾಗುತ್ತಿದ್ದಂತೆ ಬಾದಾಮಿ.

ಬಾದಾಮಿಯ ಮುಖ್ಯ ರಸ್ತೆಗೆ ಇಳಿದರೆ ಎಲ್ಲವೂ ಅದೊಂದೇ ರಸ್ತೆಯಲ್ಲಿ. ಬಸ್ ನಿಲ್ದಾಣ, ಲಾಡ್ಜು, ಖಾನಾವಳಿ, ಶಾಲೆಯ ಪ್ರವಾಸದ ಬಸ್ಸುಗಳು, ಕಬ್ಬಿನ ಹಾಲಿನ ಗಾಡಿ. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರ. ರೈಲಿನಿಂದ ಇಳಿದವರು ಆಟೋದವರೊಡನೆ ಮಾತಾಡಿಯೇ ಊರು ಸೇರುತ್ತಾರೆ. ಗುಡ್ಡದ ಬುಡದಲ್ಲಿ ಗುಹೆಗಳು, ಮೂರನೆಯದರಲ್ಲಿ ಮಂಗಳೇಶ ಬರೆಸಿದ ಕ್ರಿ.ಶ. 578ರ ಶಾಸನ, ಕೆಳಗೆ ಅಗಸ್ತ್ಯ ತೀರ್ಥ, ಅದರ ದಂಡೆಗೆ ಒತ್ತಿಕೊಂಡ ಮನೆಗಳು. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದೇನೂ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಸ್ಮಾರಕಗಳು ಮೈತುಂಬ ಇರುವ ಊರಿನಲ್ಲಿ ಈ ನಿಯಮ ಎಂದರೆ ಚಾವಣಿ ರಿಪೇರಿಗೂ ಅರ್ಜಿ. ಸ್ಮಾರಕ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಬೆಳೆಸಲಾಗದವನಿಗೆ ಬದುಕು ಬೆಳೆಸುವ ದಾರಿಯನ್ನು ಬೇರೆಡೆ ತೋರಿಸುವುದು ಯೋಜನೆ ಮಾಡುವವರ ಹೊಣೆ. ಕೇಂದ್ರದ 'ಹೃದಯ್' ಯೋಜನೆ 2015ರಲ್ಲಿ ದೇಶದ 12 ಪಾರಂಪರಿಕ ನಗರಗಳನ್ನು ಆರಿಸಿಕೊಂಡಾಗ ಕರ್ನಾಟಕದಿಂದ ಬಾದಾಮಿಯೊಂದೇ ಇತ್ತು. 2019ಕ್ಕೆ ಆ ಯೋಜನೆ ಮುಗಿಯಿತು. ವಾರಾಣಸಿ, ಅಮೃತಸರದ ಸಾಲಿನಲ್ಲಿ ನಿಂತ ಊರಿದು. 2011ರ ಜನಗಣತಿಯಲ್ಲಿ ಇಲ್ಲಿನ ಜನ ಸುಮಾರು 31 ಸಾವಿರ ಮಾತ್ರ.

ಬನದ ಹುಣ್ಣಿಮೆಗೆ ಬಂದಿದ್ದರೆ ಇದೇ ರಸ್ತೆಯ ಇನ್ನೊಂದು ಮುಖ ಕಾಣುತ್ತಿದ್ದಿರಿ. ಬನಶಂಕರಿ ಜಾತ್ರೆಗೆ ವಿಶೇಷ ಬಸ್ಸುಗಳು ಸಾಲುಗಟ್ಟುತ್ತವೆ, ತಾತ್ಕಾಲಿಕ ನಿಲ್ದಾಣ ಏಳುತ್ತದೆ, ನಾಟಕ ಕಂಪನಿಗಳು ವಾರಗಟ್ಟಲೆ ಬೀಡು ಬಿಡುತ್ತವೆ. ಆಟ ಮುಗಿದು ನಡುರಾತ್ರಿ ಹೊರಬಂದವರಿಗೂ ಊರಿಗೆ ಹೋಗಲು ಗಾಡಿ ಸಿಗುತ್ತದೆ. ಜಾತ್ರೆಯ ಕಾಲಕ್ಕೆ ಪೊಲೀಸರು, ಸಾರಿಗೆಯವರು, ಪಂಚಾಯಿತಿ, ಪುರಸಭೆ ಎಲ್ಲ ಒಂದೇ ಮೇಜಿಗೆ ಕೂತು ಜನರ ಓಡಾಟ ಲೆಕ್ಕ ಹಾಕುತ್ತಾರೆ. ಹೀಗೆ ಕೂತು ಯೋಜಿಸಲು ಈ ತಾಲ್ಲೂಕಿಗೆ ಬರುತ್ತದೆ ಎಂಬುದಕ್ಕೆ ಪ್ರತಿ ಜನವರಿಯೂ ಸಾಕ್ಷಿ.

ಈಗ ಪಟ್ಟದಕಲ್ಲಿನ ಬಸ್ಸು. ಸುಮಾರು 22 ಕಿಲೋಮೀಟರ್. ಜೋಳದ ಹೊಲ, ಸೂರ್ಯಕಾಂತಿ, ಅಲ್ಲಲ್ಲಿ ಹರವಿದ ಬಂಡೆ. ನಿಮ್ಮ ಪಕ್ಕದ ಹೆಣ್ಣುಮಗಳು ಆಧಾರ್ ಕಾರ್ಡನ್ನು ಕಂಡಕ್ಟರಿಗೆ ತೋರಿಸಿ ಶೂನ್ಯ ಮೊತ್ತದ ಟಿಕೆಟ್ ಪಡೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. 2023ರ ಜೂನ್ 11ರಿಂದ 'ಶಕ್ತಿ' ಯೋಜನೆ ಜಾರಿಯಲ್ಲಿದೆ. ಆ ಚೀಟಿಯನ್ನು ಕೊಂಚ ಹತ್ತಿರದಿಂದ ನೋಡಿ. ಹತ್ತಿದ ಊರು, ಇಳಿಯುವ ಊರು, ಹೊತ್ತು, ದಿನ ಎಲ್ಲವೂ ಅದರಲ್ಲಿ ಅಚ್ಚಾಗಿದೆ. ದುಡ್ಡಿಲ್ಲದ ಟಿಕೆಟ್ಟಾದರೂ ಅದರ ಬಾಬ್ತನ್ನು ಸರ್ಕಾರ ನಿಗಮಕ್ಕೆ ತುಂಬಬೇಕಾದ್ದರಿಂದ ಪ್ರತಿ ಚೀಟಿಯ ಲೆಕ್ಕ ಯಂತ್ರದಲ್ಲಿ ಉಳಿಯುತ್ತದೆ. ಯಾವ ಹಳ್ಳಿಯ ಹೆಂಗಸರು ಯಾವ ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ ಎಂದು ತಿಳಿಯಲು ಹಿಂದೆ ಸಲಹೆಗಾರರನ್ನು ನೇಮಿಸಿ ಸಮೀಕ್ಷೆ ಮಾಡಿಸಬೇಕಿತ್ತು. ಇಂದು ಅದು ಪ್ರತಿ ರಾತ್ರಿ ಡಿಪೋದಲ್ಲಿ ತಾನಾಗಿ ಜಮೆಯಾಗುತ್ತಿದೆ. ಜಿಲ್ಲೆಯ ಆರ್ಥಿಕ ಯೋಜನೆ ಬರೆಯುವವರ ಮೇಜಿಗೆ ಆ ಲೆಕ್ಕ ಹೋಗಬೇಕು. ಕಿಲೋಮೀಟರಿಗೆ ಎಷ್ಟು ಆದಾಯ ಎಂದು ನೋಡಿ ಷೆಡ್ಯೂಲು ಉಳಿಸುವ, ತೆಗೆಯುವ ಕೆಲಸಕ್ಕಷ್ಟೇ ಬಳಸಿದರೆ ಚಿನ್ನದಂಥ ಮಾಹಿತಿ ಹಾಳಾದಂತೆ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗುತ್ತಾಳೆ. 1987ರಿಂದ ಇದು ವಿಶ್ವ ಪರಂಪರೆಯ ತಾಣ. 2019ರ ಆಗಸ್ಟಿನಲ್ಲಿ ಇದೇ ಹೊಳೆ ದೇವಾಲಯಗಳ ಅಂಗಳಕ್ಕೆ ನುಗ್ಗಿತ್ತು, ಅದಕ್ಕೂ ಮೊದಲು 2009ರ ನೆರೆ. ಪ್ರವಾಸಿಗರು ಕಾರು ನಿಲ್ಲಿಸಿ, ವಿರೂಪಾಕ್ಷ ಗುಡಿ ನೋಡಿ, ಎಳನೀರು ಕುಡಿದು ಹೊರಡುತ್ತಾರೆ. ಹೆಚ್ಚಿನವರು ರಾತ್ರಿ ಇಲ್ಲಿ ಉಳಿಯುವುದಿಲ್ಲ, ಹಾಗಾಗಿ ಅವರ ಖರ್ಚಿನ ದೊಡ್ಡ ಪಾಲು ಬೇರೆ ಊರಿನಲ್ಲಿ ಆಗುತ್ತದೆ.

ಐಹೊಳೆಯಲ್ಲಿ ಇಳಿದು ದುರ್ಗದ ಗುಡಿಯ ಬಳಿ ನೆರಳಿಗೆ ನಿಲ್ಲಿ. ಗುಡಿಗೂ ಮನೆಗೂ ನಡುವೆ ಗೋಡೆಯಷ್ಟೇ ಅಂತರವಿರುವ ಊರಿದು. ಇಲ್ಲಿಂದ ಜನರನ್ನು ಬೇರೆಡೆ ಕೂರಿಸುವ ಮಾತು ದಶಕಗಳಿಂದ ಕೇಳಿಬರುತ್ತಲೇ ಇದೆ. ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರನ್ನು, "ಅಜ್ಜಾರ, ಹುನಗುಂದದ ಕಡೆ ಬಸ್ಸು ಯಾವಾಗ?" ಎಂದು ಕೇಳುತ್ತೀರಿ.

"ಈಗೊಂದು ಹೋತ್ರಿ. ಅವಸರ ಇದ್ರ ಟಂಟಂ ಹಿಡೀರಿ. ಅಮೀನಗಡ ಮುಟ್ಟಿದ್ರ ಆತು, ಅಲ್ಲಿಂದ ಗಾಡಿಗೇನ ಬರ ಇಲ್ಲ."

ಟಂಟಂ ಎಂಬ ಷೇರ್ ಆಟೋ ಬರುವ ತನಕ ಕಣ್ಣು ಮೇಗುತಿ ಗುಡ್ಡದ ಮೇಲೆ ಹೋಗುತ್ತದೆ. ಅಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಆದರೆ ಈ ಊರಿನ ಹೆಸರನ್ನು ಸಮುದ್ರದಾಚೆಗೆ ಒಯ್ದವರು ವ್ಯಾಪಾರಿಗಳು: ಅಯ್ಯಾವೊಳೆಯ ಐನೂರ್ವರು. ಕನ್ನಡ, ತೆಲುಗು, ತಮಿಳು ನಾಡುಗಳ ಪೇಟೆಗಳಲ್ಲೆಲ್ಲ ಅವರ ಶಾಸನಗಳಿವೆ. ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ. ಸಾವಿರ ವರ್ಷಗಳ ಹಿಂದೆ ಎತ್ತು, ಕತ್ತೆಗಳ ಮೇಲೆ ಸರಕು ಹೇರಿ ನಡೆದ ಆ ಸಂಘದ ಹೆಸರಿನ ಊರಿನಲ್ಲಿ, ಸುಮಾರು 35 ಕಿಲೋಮೀಟರ್ ಆಚೆಯ ಇಳಕಲ್ಲಿನ ಸೀರೆಯಂಗಡಿಗೆ ಹೋಗಬಯಸುವ ಪ್ರವಾಸಿ ಇಂದು ಬಸ್ಸಿನಿಂದ ಟಂಟಂ, ಟಂಟಂನಿಂದ ಬಸ್ಸು ಬದಲಿಸಬೇಕಾದೀತೆಂದು ಹಿಂಜರಿದು ಬಾದಾಮಿಗೇ ಮರಳುತ್ತಾನೆ. ಪ್ರವಾಸೋದ್ಯಮದವರ ಕಡತದಲ್ಲಿ ಐಹೊಳೆ ಇದೆ, ಕೈಮಗ್ಗದವರ ಕಡತದಲ್ಲಿ ಇಳಕಲ್ಲಿದೆ, ಸಾರಿಗೆಯವರ ಕಡತದಲ್ಲಿ ಮಾರ್ಗದ ನಂಬರಿದೆ. ಮೂರನ್ನೂ ಒಟ್ಟಿಗೆ ತೆರೆದು ಓದಿದಾಗಲೇ ಈ ದಾರಿಯ ಬೆಲೆ ತಿಳಿಯುವುದು.

ಟಂಟಂ ತುಂಬಿಯೇ ಹೊರಡುತ್ತದೆ. ಹಿಂದಿನ ಹಲಗೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದೀರಿ. ಎದುರಿಗೆ ಶಾಲೆಯ ಹುಡುಗರು, ನಡುವೆ ಎರಡು ಮೂಟೆ. ಅಮೀನಗಡ: ಕರದಂಟಿನ ಅಂಗಡಿಗಳು, ಕುರಿ ಸಂತೆಗೆ ಹೆಸರಾದ ಊರು. ಬಾಗಲಕೋಟೆಯಿಂದ ಕಮತಗಿ ದಾಟಿ ಬರುವ ರಾಯಚೂರು–ಬಾಚಿ ಹೆದ್ದಾರಿ ಇಲ್ಲಿ ಸಿಗುತ್ತದೆ, ಅಜ್ಜ ಹೇಳಿದಂತೆ ಗಾಡಿಗೆ ಬರವಿಲ್ಲ. ಎರೆಹೊಲಗಳ ನಡುವೆ ಬಸ್ಸು ಓಡಿ ಹುನಗುಂದ ಮುಟ್ಟುತ್ತದೆ.

ಹುನಗುಂದದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ, ಆದರೆ ನಿಲ್ದಾಣದಲ್ಲಿ ಕಿವಿಗೊಟ್ಟು ಕೇಳಿ. ಕೂಡಲಸಂಗಮ, ಲಿಂಗಸುಗೂರು, ಹೊಸಪೇಟೆ, ವಿಜಯಪುರ, ಬಾಗಲಕೋಟೆ: ಕಂಡಕ್ಟರುಗಳ ಕೂಗಿನಲ್ಲೇ ದಿಕ್ಕುಗಳು ಗೊತ್ತಾಗುತ್ತವೆ. 2011ರ ಜನಗಣತಿಯಂತೆ ಸುಮಾರು 21 ಸಾವಿರ ಜನರ ಈ ಸಣ್ಣ ಊರು ಕೂಡುರಸ್ತೆಯ ಬಲದ ಮೇಲೆ ಬದುಕುತ್ತದೆ. ಅದಕ್ಕಿಂತ ಮೂರು ಪಟ್ಟು ದೊಡ್ಡದಾದ ಇಳಕಲ್ಲ ಬಹುಕಾಲ ಇದರದೇ ತಾಲ್ಲೂಕಿನಲ್ಲಿತ್ತು, ಸ್ವಂತ ತಾಲ್ಲೂಕು ಆದದ್ದು 2018ರಲ್ಲಿ.

ಹದಿನೈದಿಪ್ಪತ್ತು ನಿಮಿಷದಲ್ಲಿ ಇಳಕಲ್ಲ. ಹೆದ್ದಾರಿಯಲ್ಲಿ ನಿಮ್ಮ ಬಸ್ಸಿನ ಪಕ್ಕ ಗ್ರಾನೈಟಿನ ದಿಮ್ಮಿ ಹೊತ್ತ ಲಾರಿಗಳು ನಿಧಾನಕ್ಕೆ ಸಾಗುತ್ತವೆ. ಇಲ್ಲಿನ ಕೆಂಪು ಕಲ್ಲು ಬಂದರು ಸೇರಿ ಹೊರದೇಶಕ್ಕೆ ಹೋಗುತ್ತದೆ. ಊರೊಳಗಿನ ಓಣಿಗೆ ತಿರುಗಿದರೆ ಸದ್ದೇ ಬದಲು. ಕೆಲವು ಮನೆಗಳಿಂದ ವಿದ್ಯುತ್ ಮಗ್ಗದ ಬಿಡುವಿಲ್ಲದ ಬಡಿತ, ಕೆಲವು ಮನೆಗಳಿಂದ ಕುಣಿಮಗ್ಗದ ನಿಂತು ನಿಂತು ಬರುವ ಸದ್ದು. ಬಾಗಿಲಲ್ಲಿ ನಿಂತು "ಬರಲೇನ್ರಿ?" ಎಂದರೆ "ಬರ್ರೀ ಯಪ್ಪಾ, ತೆಲಿ ಬಗ್ಗಿಸಿ ಬರ್ರಿ" ಎಂಬ ಉತ್ತರ. ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಾನೆ. ಮೂಲೆಯಲ್ಲಿ ಮನೆಯಾಕೆ ಕಂಡಿಕೆ ಸುತ್ತುತ್ತಿದ್ದಾಳೆ. ಈಗ ನಡೆಯುತ್ತಿರುವುದು ಕೊಂಡಿ ಹಾಕುವ ಕೆಲಸ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಸಿಕ್ಕಿಸಿ ಕೂಡಿಸಬೇಕು, ಎಳೆ ಎಳೆಯಾಗಿ, ಒಂದೂ ತಪ್ಪದಂತೆ. ಬೆರಳಿನ ತುದಿ ಎಳೆಯನ್ನು ಹುಡುಕುವ ವೇಗಕ್ಕೆ ನಿಮ್ಮ ಕಣ್ಣು ಹಿಂದೆ ಬೀಳುತ್ತದೆ. ಅದಾದ ಮೇಲೆಯೇ ಕೆಂಪು ಸೆರಗಿನ ಮೇಲೆ ಬಿಳಿಯ ತೋಪ ತೆನಿ ಮೂಡುವುದು. ಇಳಕಲ್ಲ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿ ವರ್ಷಗಳಾದವು. ಗುರುತಿನ ಪತ್ರ ನಕಲಿಯನ್ನು ತಡೆಯಲು ನೆರವಾದೀತು, ಗಿರಾಕಿಯನ್ನು ಈ ಓಣಿಗೆ ಕರೆತರಲಾರದು.

ಕುಳಿತು ಮಾತಾಡಿದರೆ ಓಡಾಟದ ಕತೆ ಹೊರಬರುತ್ತದೆ. ನೂಲು, ರೇಷ್ಮೆ ಹೊರಗಿನಿಂದ ಬರಬೇಕು. ಸೀರೆಗಳು ಸೂಳೇಬಾವಿ, ಕಮತಗಿ, ಗುಳೇದಗುಡ್ಡದ ಮಗ್ಗಗಳಲ್ಲೂ ತಯಾರಾಗಿ ಪೇಟೆಗೆ ಬರಬೇಕು. ಗಡಿ ದಾಟಿ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲೂ ನೇಕಾರರ ಊರುಗಳಿವೆ. ಮಗ್ಗಕ್ಕೆ ಜಿಲ್ಲೆಯ ಗಡಿ ಗೊತ್ತಿಲ್ಲ, ಅನುದಾನಕ್ಕೆ ಗೊತ್ತಿದೆ: ಆಚೆಯ ಕೊಪ್ಪಳ ಸಂವಿಧಾನದ 371(ಜೆ) ವಿಧಿಯಡಿ ಬರುತ್ತದೆ, ಈಚೆಯ ಇಳಕಲ್ಲ ಬರುವುದಿಲ್ಲ. ಬಸ್ಸಿನ ನಿಗಮವೂ ಗಡಿಯಲ್ಲಿ ಬದಲಾಗುತ್ತದೆ, ಈಚೆಗೆ ವಾಯವ್ಯ, ಆಚೆಗೆ ಕಲ್ಯಾಣ ಕರ್ನಾಟಕ. ಕಲ್ಯಾಣದ ಜಿಲ್ಲೆಗಳಿಗೆ ಸಿಕ್ಕ ನೆರವು ನ್ಯಾಯವಾದದ್ದು, ಅದರ ಬಗ್ಗೆ ನನಗೆ ತಕರಾರಿಲ್ಲ. ಗಡಿಯ ಎರಡೂ ಕಡೆಯವರು ಕೂತು ಒಂದು ಸೀರೆಯ ಪಯಣವನ್ನು ಇಡಿಯಾಗಿ ನೋಡುವ ವ್ಯವಸ್ಥೆ ಇಲ್ಲವಲ್ಲ ಎಂಬುದು ನೋವು.

ಆ ವ್ಯವಸ್ಥೆ ಕಾಗದದಲ್ಲಿ ಅರ್ಧವಾದರೂ ಇದೆ. ಸಂವಿಧಾನದ 74ನೇ ತಿದ್ದುಪಡಿ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕೆನ್ನುತ್ತದೆ. ಹಳ್ಳಿ, ಪಟ್ಟಣಗಳ ಯೋಜನೆಗಳನ್ನು ಕೂಡಿಸಿ, ಎರಡಕ್ಕೂ ಸೇರಿದ ನೆಲ, ನೀರು, ಮೂಲಸೌಕರ್ಯಗಳನ್ನು ಒಟ್ಟಾಗಿ ನೋಡಿ ಜಿಲ್ಲೆಯ ಕರಡು ಯೋಜನೆ ಬರೆಯುವುದು ಅದರ ಕೆಲಸ. ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ, ನಗರಸಭೆ, ಪುರಸಭೆಗಳಲ್ಲಿ ಗೆದ್ದು ಬಂದವರಿಂದಲೇ ಆಯ್ಕೆಯಾಗಬೇಕು. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಐಹೊಳೆಯ ಕಟ್ಟೆಯ ಮೇಲಿನ ಅಜ್ಜನ ಮಾತನ್ನು ಆ ಸಭೆಗೆ ಒಯ್ಯಬೇಕಾದ ಕುರ್ಚಿಯೇ ಖಾಲಿಯಾದರೆ, ಮನವಿ ಪತ್ರವೊಂದೇ ಉಳಿಯುತ್ತದೆ. ಊರಿನವರು ಅದನ್ನು ಡಿಪೋ ಮ್ಯಾನೇಜರಿಗೆ ಕೊಡುತ್ತಾರೆ, ಶಾಸಕರಿಗೆ ಕೊಡುತ್ತಾರೆ, ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಯಲ್ಲಿ ಯಾರಾದರೂ ಎತ್ತಿಯಾರೆಂದು ಕಾಯುತ್ತಾರೆ. ಹಕ್ಕಿನಿಂದ ಕೇಳಬೇಕಾದ್ದನ್ನು ಜನ ಕೈಮುಗಿದು ಕೇಳುವಂತಾಗಿದೆ.

ಸಂಜೆ ಇಳಕಲ್ಲ ನಿಲ್ದಾಣದಲ್ಲಿ ಗಿರಮಿಟ್ ತಿನ್ನುತ್ತ ನಿಂತಾಗ ಕುಷ್ಟಗಿ ಕಡೆಯ ಬಸ್ಸು ಬರುತ್ತದೆ. ಈ ಊರಿಗೆ ರೈಲಿಲ್ಲ. ಆಲಮಟ್ಟಿಯಿಂದ ಹುನಗುಂದ, ಇಳಕಲ್ಲ ಮೂಲಕ ರೈಲು ಬೇಕೆಂಬ ಬೇಡಿಕೆ ಹಳೆಯದು. ರೈಲು ಎಂದರೆ ಎಷ್ಟು ವರ್ಷದ ಮಾತು ಎಂಬುದನ್ನು ಬಾಗಲಕೋಟೆ–ಕುಡಚಿ ಮಾರ್ಗ ತೋರಿಸಿದೆ: 2010–11ರಲ್ಲಿ ಮಂಜೂರಾದ 142 ಕಿಲೋಮೀಟರ್, ಮೊದಲಿಗೆ ಖಜ್ಜಿಡೋಣಿಯವರೆಗಷ್ಟೇ ಬಂದು ಬಹುಕಾಲ ಅಲ್ಲೇ ನಿಂತಿತು. ಆದರೆ 2025ರ ಮೇ 15ರಂದು ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ರೈಲು ಬಂತು, ಹುಬ್ಬಳ್ಳಿಗೆ ಓಡತೊಡಗಿತು. ಇಳಕಲ್ಲಿಗೆ ಹೀಗೆ ಹೆದ್ದಾರಿಯಲ್ಲೇ ನಿಲುಕುವ ರೈಲು ಸಿಕ್ಕಿದೆ, ಪಕ್ಕದ ಜಿಲ್ಲೆಯಲ್ಲಿ.

ಹೊಸ ಹಳಿ ಹಾಕಲು ದಶಕ ಬೇಕು. ಬಸ್ಸಿನ ಹೊತ್ತು ಬದಲಿಸಲು ಒಂದು ಸಭೆ ಸಾಕು. ಬಾದಾಮಿ, ಹುನಗುಂದ, ಇಳಕಲ್ಲ ಮೂರರಲ್ಲೂ ಡಿಪೋಗಳಿವೆ, ಮೂರೂ ಬಾಗಲಕೋಟೆ ವಿಭಾಗದ ಅಡಿಯಲ್ಲೇ ಇವೆ. ಬಾದಾಮಿ ರೈಲು ನಿಲ್ದಾಣಕ್ಕೆ ಬೆಳಗಿನ ಗಾಡಿ ಬರುವ ಹೊತ್ತಿಗೆ ಅಲ್ಲಿಂದಲೇ ಹೊರಟು, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಇಳಕಲ್ಲ ಮುಟ್ಟಿ, ಕುಷ್ಟಗಿ ರೈಲಿನ ಹೊತ್ತಿಗೆ ಅಲ್ಲಿ ನಿಲ್ಲುವ ನೇರ ಬಸ್ಸುಗಳು ಬೇಕು. ದಿನಕ್ಕೊಂದು ಬಿಟ್ಟು ಜನ ಹತ್ತಲಿಲ್ಲ ಎಂದು ತಿಂಗಳಲ್ಲಿ ನಿಲ್ಲಿಸುವ ಹಾಗಲ್ಲ. ಎರಡು ತಾಸಿಗೊಂದರಂತೆ, ವರ್ಷವಾದರೂ ಬಿಡದೆ ಓಡಬೇಕು, ಏಕೆಂದರೆ ಬಸ್ಸು ಬಂದೇ ಬರುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲೆಯೇ ಜನ ಕೆಲಸ, ಕಾಲೇಜು, ವ್ಯಾಪಾರವನ್ನು ಅದಕ್ಕೆ ಹೊಂದಿಸಿಕೊಳ್ಳುವುದು. ಸಾರಿಗೆ ನಿಗಮಗಳು 2021ರಲ್ಲಿ ಶುರುಮಾಡಿದ 'ನಮ್ಮ ಕಾರ್ಗೋ' ಈ ದಾರಿಯಲ್ಲಿ ನೂಲಿನ ಗಂಟನ್ನೂ ಸೀರೆಯ ಗಂಟನ್ನೂ ರಸೀತಿಯೊಂದಿಗೆ ಒಯ್ಯಲಿ. ಆರಂಭದ ನಷ್ಟವನ್ನು ಪ್ರವಾಸೋದ್ಯಮ, ಜವಳಿ ಇಲಾಖೆಗಳು ಹಂಚಿಕೊಳ್ಳಲಿ, ಲಾಭ ಅವರದೂ ಹೌದಲ್ಲವೇ? ಎರಡು ನಿಗಮಗಳ ಒಪ್ಪಿಗೆಗೆ ಇಬ್ಬರು ಜಿಲ್ಲಾಧಿಕಾರಿಗಳು ಮಾತಾಡಬೇಕು. ಟಂಟಂನವರ ಹೊಟ್ಟೆಯ ಮೇಲೆ ಕಾಲಿಡದೆ, ಅಡ್ಡರಸ್ತೆಯ ಹಳ್ಳಿಗಳಿಂದ ಈ ಬಸ್ಸಿಗೆ ಜನರನ್ನು ತಂದು ಮುಟ್ಟಿಸುವ ಪರವಾನಗಿಯನ್ನು ಅವರಿಗೇ ಕೊಡಬಹುದು. ಅದು ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿದೆ.